ಸೋಮವಾರ ಬೀಳದ ಕಲ್ಲು

1936ರ ಜನವರಿ, ಒಂದು ಶನಿವಾರ ಬೆಳಿಗ್ಗೆ. ಹೊಸಪೇಟೆ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಹೆಂಗಸರು ಬಂದರು. ಆ ಕಾಲಕ್ಕೆ ಅದು ಬೀದಿಯವರೆಲ್ಲ ಕೆಲಸ ಬಿಟ್ಟು ನೋಡುವ ಸಂಗತಿ. ಎದುರಿನ ಚಹಾದಂಗಡಿಯವರು ಲೋಟ ಕೆಳಗಿಡುವುದನ್ನೇ ಮರೆತರು. ಮುಂದೆ ಬಂದವಳು ಕೊಟ್ರಮ್ಮ, ಹೆಣ್ಣುಮಕ್ಕಳ ಟ್ರೈನಿಂಗ್ ಸ್ಕೂಲಿನ ವಿದ್ಯಾರ್ಥಿನಿ. ಹಣೆಗೆ ಕಟ್ಟಿದ ಬಟ್ಟೆಯಲ್ಲಿ ರಕ್ತ ಒಣಗಿತ್ತು. ಹಿಂದೆ ನಿಂತವಳು ಆ ಸ್ಕೂಲಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ನಿಂಗಕ್ಕ.

ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪ ಕುರ್ಚಿ ತೋರಿಸಿದರು.

“ಕುಂದ್ರವ್ವ. ಏನಾತು?”

“ದೀಪಾವಳಿ ಆದಾಗಿಂದ ಹಾಸ್ಟೆಲ್ ಮ್ಯಾಲೆ ಸಂಜಿ ಹೊತ್ತಿಗೆ ಕಲ್ಲು ಬೀಳ್ತಾವ್ರಿ. ನಿನ್ನೆ ನನ್ನ ಹಣಿಗೆ ಬಿತ್ತು.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ಭಾನಾಮತಿ ಅಂದ್ರು. ಹೆಡ್‌ಮಿಸ್ಟ್ರೆಸ್ ಅಮ್ಮಾರು ಹೊರಗ ಬಾಯಿ ಬಿಡಬ್ಯಾಡ್ರಿ ಅಂದ್ರು. ನಿನ್ನೆ ನಾನು ಮೆಟ್ಲ ಮ್ಯಾಲಿಂದ ಜಾರಿ ಬಿದ್ದೆ ಅಂತ ಕೇಳಿದವ್ರಿಗೆಲ್ಲ ಹೇಳ್ಯಾರ.”

“ನೀನು ಇಲ್ಲಿಗೆ ಬಂದಿದ್ದು ಅವರಿಗೆ ಗೊತ್ತೈತೇನು?”

“ಇಲ್ರಿ. ಗೊತ್ತಾದ್ರ ನನ್ನ ಹೆಸರು ಹೊಡೀತಾರ. ಆದ್ರ ಆಗ್ಲೇ ಇಬ್ರನ್ನ ಅವರಪ್ಪಂದಿರು ಕರ್ಕಂಡು ಹೋದ್ರು. ಹಿಂಗ ಒಬ್ಬೊಬ್ರೇ ಹೋದ್ರ ಹಾಸ್ಟೆಲ್ ಮುಚ್ಚತೈತಿ. ಒಮ್ಮೆ ಮನಿಗಿ ಹೋದ್ರ ನಮ್ಮನ್ನ ಮತ್ತ ಹೊಸ್ತಿಲ ದಾಟಿಸಂಗಿಲ್ರಿ. ಯಾರೇ ಇರ್ಲಿ, ಹಿಡೀರಿ.”

ಹೆಡ್ ಕಾನ್‌ಸ್ಟೇಬಲ್ ಎರ್ರಿಯಪ್ಪ ಎಫ್‌ಐಆರ್ ಬರೆಯಲು ಕೂತವನು ಪೆನ್ನು ಶಾಯಿಗೆ ಅದ್ದಿ ಹಾಗೇ ಹಿಡಿದುಕೊಂಡ. ಕಳ್ಳರಿಗೆ ಹೆದರದ ಆಸಾಮಿ; ಭಾನಾಮತಿಗೆ ಮಾತ್ರ ಹೆದರುತ್ತಿದ್ದ.

“ಸಾಹೇಬ್ರ, ಆರೋಪಿ ಅಂತ ಏನು ಬರೀಲಿ?”

“ಗೊತ್ತಿಲ್ಲದ ಮನುಷ್ಯ ಅಂತ ಬರಿ. ದೆವ್ವಕ್ಕ ಬೇಡಿ ಹಾಕೋ ಕಲಮು ಪೀನಲ್ ಕೋಡಿನಾಗ ಇಲ್ಲ.”

ಕೊಟ್ರಮ್ಮ ಓದಿ ನೋಡಿ, ಒಂದು ತಪ್ಪು ತಿದ್ದಿಸಿ ಸಹಿ ಹಾಕಿದಳು. ವಿರೂಪಾಕ್ಷಪ್ಪನವರಿಗೆ ಅವಳ ಬಗ್ಗೆ ಅಲ್ಲೇ ಗೌರವ ಹುಟ್ಟಿತು.

ಹತ್ತು ಗಂಟೆಗೆ ಪೊಲೀಸರು ಹಾಸ್ಟೆಲಿಗೆ ಹೋದರು. ಗೇಟಿಗೆ ನಿಂಬೆಹಣ್ಣು, ಮೆಣಸಿನಕಾಯಿ, ತಾಮ್ರದ ತಗಡು ಕಟ್ಟಿದ್ದವು. ಆನೆಗುಂದಿ ಕಡೆಯ ಮಂತ್ರವಾದಿ ಬಂದುಹೋಗಿದ್ದ. ಹೆಡ್‌ಮಿಸ್ಟ್ರೆಸ್ ಅಕ್ಕನಾಗಮ್ಮನವರು ಬಾಗಿಲಲ್ಲೇ ತಡೆದರು. ಕೆಟ್ಟ ಹೆಂಗಸಲ್ಲ. ಕಂಪ್ಲಿ, ಕಮಲಾಪುರ, ಕುರೆಕುಪ್ಪ ಎಂದು ಊರೂರು ತಿರುಗಿ, ಮನೆಮನೆಯ ಕಟ್ಟೆಯ ಮೇಲೆ ಕೂತು, ತಂದೆಯರ ಕೈಕಾಲು ಹಿಡಿದು ಹುಡುಗಿಯರನ್ನು ಕರೆತಂದವರು.

“ಪೊಲೀಸ್ರು ಬಂದ ಹಾಸ್ಟೆಲಿಗೆ ಯಾವ ತಂದಿ ಮಗಳನ್ನ ಕಳಿಸ್ತಾನ್ರಿ?”

“ಕಲ್ಲು ಬೀಳೋ ಹಾಸ್ಟೆಲಿಗೆ ಕಳಿಸ್ತಾನೇನ್ರಿ ಅಮ್ಮಾ?”

ಆಕೆ ದಾರಿ ಬಿಟ್ಟರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗದೇ ಇರುತ್ತದೆಯೇ ಎಂದು ಎರ್ರಿಯಪ್ಪ ಗೊಣಗಿದ. ಇನ್ಸ್‌ಪೆಕ್ಟರು ಕೇಳಿಸಿಕೊಳ್ಳಲಿಲ್ಲ.

ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಒಡೆದ ಹೆಂಚುಗಳೆಲ್ಲ ಮಾಡಿನ ಪಡುವಣ ಇಳಿಜಾರಿನಲ್ಲೇ ಇದ್ದವು. ಆ ಕಡೆ ಕಾಂಪೌಂಡ್ ಗೋಡೆ, ಅದರಾಚೆ ಕಾಲುವೆಯ ಏರಿ. ಸಿಕ್ಕ ಕಲ್ಲುಗಳು ನಿಂಬೆಗಾತ್ರದವು, ಎಲ್ಲವೂ ದುಂಡಗೆ. ಏರಿಯಿಂದ ಇಲ್ಲಿಗೆ ಬರಿಗೈಯಲ್ಲಿ ಎಸೆದರೆ ಬಂದು ತಲುಪುವ ದೂರವಲ್ಲ. ಕವಣೆ ಇರಬೇಕು, ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆ.

ಹಿತ್ತಲಲ್ಲಿ ಒಂದು ಬಾವಿಯಿತ್ತು. ಬಾಯಿಗೆ ಚಪ್ಪಡಿ ಎಳೆದು ಗಾರೆ ಹಾಕಿದ್ದರು.

“ಇದನ್ನ ಯಾಕ ಮುಚ್ಚೀರಿ?”

“ನೀರು ಕೆಟ್ಟಿತ್ತು. ಶ್ರಾವಣದಾಗ ಮುಚ್ಚಿಸಿದೆ,” ಎಂದು ಅಕ್ಕನಾಗಮ್ಮನವರು ಅವಸರದಲ್ಲಿ ಹೇಳಿ ಒಳಗೆ ಹೋದರು.

ಹುಡುಗಿಯರನ್ನು ಸಾಲಾಗಿ ಕೂರಿಸಿ ವಿಚಾರಿಸಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು. ಕಲ್ಲು ಬೀಳುವುದು ಸಂಜೆಯ ಪ್ರಾರ್ಥನೆಯ ಹೊತ್ತಿಗೆ, ಎಲ್ಲರೂ ಒಳಗಿದ್ದಾಗ. ನಿನ್ನೆ ಕೊಟ್ರಮ್ಮ ಒಣಗಿದ ಬಟ್ಟೆ ತರಲು ಹೊರಗೆ ಉಳಿದಿದ್ದಳು. ಇನ್ನೊಂದು ಸಂಗತಿ: ಸೋಮವಾರ ಮಾತ್ರ ಒಂದು ಕಲ್ಲೂ ಬಿದ್ದಿಲ್ಲ.

“ಸೋಮವಾರ ಶಿವನ ವಾರ, ದೆವ್ವ ಹೆದರತೈತಿ ಅಂತ ಮಂತ್ರವಾದಿ ಹೇಳ್ಯಾನ್ರಿ,” ಎಂದಳು ಒಬ್ಬಳು.

ವಿರೂಪಾಕ್ಷಪ್ಪನವರಿಗೆ ನಗು ಬಂತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು ಅವರು. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಎಂಥ ಅವಸರದ ಕೆಲಸವಿದ್ದರೂ ಅವರ ಅಪ್ಪ ಆ ದಿನ ಬಂಡಿ ಹೂಡುತ್ತಿರಲಿಲ್ಲ.

“ನಿಂಗಕ್ಕ, ಸೋಮವಾರ ಇಲ್ಲಿಗೆ ಏನು ಬರಂಗಿಲ್ಲ?”

ನಿಂಗಕ್ಕ ತಲೆ ತಗ್ಗಿಸಿದಳು. “ನೀರಿನ ಬಂಡಿ ಬರಂಗಿಲ್ರಿ.”

ಬಾವಿ ಮುಚ್ಚಿದ ಮೇಲೆ ಹಾಸ್ಟೆಲಿಗೆ ಕಾಲುವೆಯಿಂದ ಪೀಪಾಯಿಯಲ್ಲಿ ನೀರು ತರುವವನು ಕಂಪ್ಲಿ ಕಡೆಯ ಜಡೆಪ್ಪ. ಅವನ ಬಗ್ಗೆ ಕೇಳಿದ್ದಕ್ಕೆ ಅಕ್ಕನಾಗಮ್ಮನವರ ಮುಖ ಬಿಳಿಚಿಕೊಂಡಿತು.

“ಪಾಪದ ಮನುಷ್ಯ. ಅವನ ಮಗಳು ಮರುಳಸಿದ್ದಮ್ಮ ಇಲ್ಲೇ ಓದ್ತಿದ್ಲು. ಶ್ರಾವಣದಾಗ ಜ್ವರ ಬಂದು ತೀರಿಕೊಂಡ್ಲು. ಅದಕ್ಕ ನಾನೇ ಕರೆದು ಕೆಲಸ ಕೊಟ್ಟೆ.”

ಶ್ರಾವಣದಲ್ಲಿ ಬಾವಿ ಮುಚ್ಚಿತು, ಶ್ರಾವಣದಲ್ಲೇ ಹುಡುಗಿ ಸತ್ತಳು. ಇನ್ಸ್‌ಪೆಕ್ಟರು ಎರಡನ್ನೂ ಡೈರಿಯಲ್ಲಿ ಬರೆದುಕೊಂಡರು.

ಮರುದಿನ ಭಾನುವಾರ ಸಂಜೆ ಕಾಲುವೆಯ ಏರಿಯ ಮೇಲೆ ಜಡೆಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಐವತ್ತು ದಾಟಿದ ಗಟ್ಟಿ ಆಳು, ಹಣೆಯ ತುಂಬ ವಿಭೂತಿ. ಪಂಚೆಯುಟ್ಟು ಬಂದ ಇನ್ಸ್‌ಪೆಕ್ಟರು ಪಕ್ಕದಲ್ಲಿ ನಿಂತರು.

“ಹಾಸ್ಟೆಲಿನಾಗ ಒಂದು ಹುಡುಗಿ ಮೆಟ್ಲ ಮ್ಯಾಲಿಂದ ಬಿದ್ದಾಳಂತಲ್ಲ?”

“ಹಂಗಂತ ಹೇಳ್ಯಾರ್ರಿ ನನಗೂ.” ಎತ್ತಿನ ಬೆನ್ನು ಸವರುತ್ತ, “ಕಲ್ಲು ಕಣ್ಣಿಗೆ ಬಡೀಲಿಲ್ಲ ಹೌದಲ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನದು ಭಯ. ಇವನದು ಭಯವಲ್ಲ, ಸಂಕಟ. ಜೊತೆಗೆ ಬಂದಿದ್ದ ಎರ್ರಿಯಪ್ಪ ಬಂಡಿಯ ಹುಲ್ಲಿನಡಿ ಕೈ ಹಾಕಿದ; ಕವಣೆಯೂ ಒಂದು ಚೀಲ ದುಂಡುಗಲ್ಲೂ ಸಿಕ್ಕವು. ಜಡೆಪ್ಪ ಓಡಲಿಲ್ಲ. ಎತ್ತುಗಳು ಕುಡಿದು ಮುಗಿಸಲಿ ಎಂದಷ್ಟೇ ಕೇಳಿಕೊಂಡ.

ಠಾಣೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ವಿಚಾರಣೆ ನಡೆಯಿತು.

“ಯಾಕ ಒಗದಿ?”

“ನನ್ನ ಮಗಳು ಜ್ವರದಾಗ ಸತ್ತಿಲ್ರಿ.”

“ನಿನಗ ಹೆಂಗ ಗೊತ್ತು?”

“ನಾ ಬರೋದ್ರಾಗ ಮಣ್ಣು ಮಾಡಿದ್ರು. ಮಣ್ಣು ಕೊಟ್ಟ ಮಠದ ಅಯ್ಯನೋರನ್ನ ಕೇಳಿದೆ. ಕೊರಳಾಗ ಲಿಂಗ ಇರಲಿಲ್ಲಪಾ, ಹೊಸಾದು ತರಿಸಿ ಅಂಗೈಯಾಗ ಇಟ್ವಿ ಅಂದ್ರು. ಹುಟ್ಟಿದಾಗ ಕಟ್ಟಿದ ಲಿಂಗ ಮೈ ಬಿಟ್ಟು ಎಲ್ಲಿಗೆ ಹೋಗತೈತ್ರಿ? ಜ್ವರ ಬಂದ್ರ ಲಿಂಗ ಹೋಗತೈತೇನ್ರಿ?”

ವಿರೂಪಾಕ್ಷಪ್ಪನವರು ತಮಗರಿವಿಲ್ಲದೆಯೇ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು.

“ಅದೇ ವಾರ ಬಾವಿ ಮುಚ್ಚಿದ್ರು. ಅಮ್ಮಾರನ್ನ ಕೇಳಿದೆ, ಅತ್ತುಬಿಟ್ರು, ಹೇಳಲಿಲ್ಲ. ಈ ಠಾಣೆಗೂ ಬಂದಿದ್ದೆ. ಜ್ವರದ ಸಾವಿಗೆ ದೂರು ಬರ್ಕಳಂಗಿಲ್ಲ, ಸ್ಕೂಲಿಂದ ಚೀಟಿ ತಗಂಡು ಬಾ ಅಂದ್ರು.”

ಎರ್ರಿಯಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

“ಹಾಸ್ಟೆಲ್ ಮ್ಯಾಲೆ ಕಲ್ಲು ಬಿದ್ರ ಪೊಲೀಸ್ರನ್ನ ಕರೀತಾರ, ಪೊಲೀಸ್ರು ಬಂದ್ರ ಬಾವಿ ನೋಡ್ತಾರ ಅಂದ್ಕಂಡೆ. ಹುಡುಗ್ಯಾರು ಒಳಗ ಇದ್ದಾಗ ಹೆಂಚಿಗಷ್ಟೇ ಹೊಡೀತಿದ್ದೆ. ಆದ್ರ ಅವರು ಕರೆಸಿದ್ದು ಮಂತ್ರವಾದಿನ್ನ. ಆ ಹುಡುಗಿ ಹೊರಗ ಇದ್ದದ್ದು ಕಾಣಲಿಲ್ರಿ.”

ಜಡೆಪ್ಪನ ಬಂಧನವನ್ನು ದಾಖಲಿಸಿದರು. ಮರುದಿನ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅದಕ್ಕೂ ಮುಂಚೆ, ಗುರುತು ಹಿಡಿಯುವವನು ಕೈಯಲ್ಲಿರುವಾಗಲೇ ಬಾವಿ ತೆಗೆಸಬೇಕೆಂದು ವಿರೂಪಾಕ್ಷಪ್ಪನವರು ನಿಶ್ಚಯಿಸಿದರು. ಬೆಳಿಗ್ಗೆ ಚಪ್ಪಡಿ ಸರಿಸಿದರು. ಕಟ್ಟೆಯ ಒಂದು ಬದಿ ಕುಸಿದು ಬಾವಿಯೊಳಕ್ಕೆ ಹೋಗಿತ್ತು. ತೋಟವಿದ್ದ ಕಾಲದಲ್ಲಿ ಎತ್ತು ಹೂಡಿ ನೀರೆತ್ತುತ್ತಿದ್ದ ಕಪಿಲೆಯ ಕಂಬಗಳು ಇನ್ನೂ ನಿಂತಿದ್ದವು. ಪಕ್ಕದ ತೋಟದವರು ತೊಗಲಿನ ಬಾನಿಯನ್ನೂ ಹಗ್ಗವನ್ನೂ ಕೊಟ್ಟರು. ಎತ್ತು ಮಾತ್ರ ಕೊಡಲಿಲ್ಲ. ಸೋಮವಾರ ನೋಡ್ರಿ ಸಾಹೇಬ್ರ, ಬಾಯಿ ಮುಚ್ಚಿಕೊಂಡು ಒದೆ ತಿಂತೀವಿ, ಎತ್ತು ಕೊಡಂಗಿಲ್ಲ ಎಂದರು.

ಬೇಡಿ ಹಾಕಿಸಿಕೊಂಡು ಬೇವಿನ ಮರದಡಿ ಕೂತಿದ್ದ ಜಡೆಪ್ಪ ಎದ್ದುನಿಂತ.

“ಠಾಣೆ ಮುಂದ ಕಟ್ಟಿರೋ ನನ್ನ ಎತ್ತು ತರಿಸಿ ಹೂಡ್ರಿ.”

“ಇವತ್ತು ಸೋಮವಾರ, ಜಡೆಪ್ಪ,” ಎಂದರು ಇನ್ಸ್‌ಪೆಕ್ಟರು.

“ಗೊತ್ತೈತ್ರಿ. ಬಸವಣ್ಣ ಬ್ಯಾಡ ಅನ್ನಂಗಿಲ್ಲ.”

ಬೇಡಿ ಬಿಚ್ಚಿಸಿದರು. ಅವನೇ ಎತ್ತುಗಳ ಪಾದ ಮುಟ್ಟಿ ಹಣೆಗೊತ್ತಿಕೊಂಡು ನೊಗ ಏರಿಸಿದ. ಮಧ್ಯಾಹ್ನದವರೆಗೆ ನೀರು ಮೇಲೆ ಬರುತ್ತಲೇ ಇತ್ತು. ಹುಡುಗಿಯರು ಪಾಠ ಬಿಟ್ಟು ಜಗಲಿಯಲ್ಲಿ ನಿಂತಿದ್ದರು. ನೀರು ಇಳಿದ ಮೇಲೆ ಒಬ್ಬ ಆಳು ಕೆಳಗಿಳಿದು ಕೆಸರು ತುಂಬಿ ಕಳಿಸತೊಡಗಿದ. ಒಂದು ಬುಟ್ಟಿಯಲ್ಲಿ, ಕಟ್ಟೆಯ ಕಲ್ಲುಚೂರುಗಳ ಜೊತೆ, ಹರಿದ ದಾರ ಸುತ್ತಿಕೊಂಡ ಒಂದು ಸಣ್ಣ ಬೆಳ್ಳಿಯ ಕರಡಿಗೆ ಬಂತು. ಮುಚ್ಚಳ ತೆಗೆದರೆ ಒಳಗೆ ಲಿಂಗವಿತ್ತು.

“ನಮ್ಮದೇ ರೀ,” ಎಂದ ಜಡೆಪ್ಪ. “ಮುಚ್ಚಳದ ಮ್ಯಾಗಿನ ನಂದಿಗೆ ಒಂದು ಕೋಡು ಮುರದೈತಿ. ಸಣ್ಣಾಕಿದ್ದಾಗ ಕಚ್ಚಿ ಮುರದಿದ್ಲು.”

ಅಕ್ಕನಾಗಮ್ಮನವರು ಜಗಲಿಯಿಂದ ಇಳಿದು ಬಂದರು.

“ಆಕಿ ನೀರು ಸೇದುವಾಗ ಕಟ್ಟಿ ಕುಸೀತು, ಬಾವಿಗೆ ಬಿದ್ಲು. ಕಟ್ಟಿ ಸಡಿಲ ಐತಿ ಅಂತ ಹುಡುಗ್ಯಾರು ಮೊದ್ಲೇ ಹೇಳಿದ್ರು, ನಾನು ಆಮೇಲೆ ನೋಡೋಣ ಅಂದೆ. ತಿಳಿದ್ರ ಎಲ್ರೂ ಮಕ್ಕಳನ್ನ ಕರ್ಕಂಡು ಹೋಗ್ತಾರ ಅಂತ ಜ್ವರ ಅಂದೆ. ಇನ್ನ ಹಾಸ್ಟೆಲ್ ಮುಚ್ಚಿಬಿಡ್ರಿ.”

“ಹಾಸ್ಟೆಲ್ ಮುಚ್ಚಬ್ಯಾಡ್ರಿ!” ಎಂದು ಕೂಗಿದವಳು ಕೊಟ್ರಮ್ಮ. “ಕಟ್ಟಿ ಕಟ್ಟಿಸ್ರಿ.”

“ಆಕಿ ಹೇಳಿದ್ದು ಸರಿ,” ಎಂದರು ವಿರೂಪಾಕ್ಷಪ್ಪ. “ಬಾವಿ ಮುಚ್ಚಿದ್ದು ಸಾಕು. ನೀವು ಠಾಣೆಗೆ ಬಂದು ಈಗ ಹೇಳಿದ್ದನ್ನೇ ಬರೆಸಬೇಕು, ಅಮ್ಮಾ.”

ಜಡೆಪ್ಪ ನೊಗ ಇಳಿಸಿ, ಎತ್ತುಗಳ ಕತ್ತು ಒರೆಸಿದ. ಆಮೇಲೆ ಕೊಟ್ರಮ್ಮನ ಮುಂದೆ ಬಂದು ನಿಂತ. ಅವಳ ಹಣೆಯ ಬಟ್ಟೆ ನೋಡಿದ.

“ತಪ್ಪಾತವ್ವ,” ಎಂದ.

ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅವನು ಕುಡಿಯಲಿಲ್ಲ. ಆ ನೀರಿನಲ್ಲಿ ಮಗಳ ಲಿಂಗವನ್ನು ತೊಳೆದು, ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು, ಪಂಚನಾಮೆಗೆ ಸೇರಿಸಲು ಇನ್ಸ್‌ಪೆಕ್ಟರ ಕೈಗೆ ಕೊಟ್ಟ. ಮತ್ತೆ ಬೇಡಿಗೆ ಕೈ ಚಾಚಿದ.

“ತಡಿ,” ಎಂದರು ವಿರೂಪಾಕ್ಷಪ್ಪ. “ಬೇಡಿ ಆಮ್ಯಾಲೆ. ಮೊದ್ಲು ಠಾಣೆಗೆ ಬಾ, ನಿನ್ನ ದೂರು ಬರ್ಕಬೇಕು.”

ಅಂದು ಸಂಜೆ ಎರ್ರಿಯಪ್ಪ ಎರಡನೆಯ ಎಫ್‌ಐಆರ್ ಬರೆದ. ದೂರುದಾರನ ಹೆಸರಿನ ಜಾಗದಲ್ಲಿ ಜಡೆಪ್ಪ ಎಂದು ದುಂಡಗೆ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡ. ಈ ಸಲ ಯಾರ ಚೀಟಿಯನ್ನೂ ಕೇಳಲಿಲ್ಲ.