ಹೊಸಬರಿಗೆ ಯಾವುದು ಒಳ್ಳೆಯದು

ಹೊಸಬರಿಗೆ ಯಾವ ಎಡಿಟಿಂಗ್ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಲು ಅವಳು ಸ್ಟುಡಿಯೋದ ಮೆಟ್ಟಿಲು ಹತ್ತಿದಾಗ, ಎಡಿಟರ್ ಪರದೆಯ ಮೇಲೆ ಯಾರದೋ ಮದುವೆಯಲ್ಲಿ ಅಳುತ್ತಿದ್ದ ತಾಯಿಯನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಅಳಿಸುತ್ತಿದ್ದ.

ಅವಳನ್ನು ಕಂಡು ಅಳುವನ್ನು ಅಲ್ಲಿಗೇ ನಿಲ್ಲಿಸಿದ. ಎದುರಿನ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುವ ಹುಡುಗಿ. ಗಾಜಿನಾಚೆ ತಲೆ ತಗ್ಗಿಸಿ ಕೂತಿರುವುದನ್ನು ಅವನು ದಿನವೂ ನೋಡುತ್ತಿದ್ದ. ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಅವಳಿಗೆ ಬೇಕಿದ್ದದ್ದು ಒಂದು ಫ್ಯಾನ್ ವಿಡಿಯೋ. ವರ್ಷಗಟ್ಟಲೆ ನಡೆದ ಟಿವಿ ಸೀರಿಯಲ್ ಒಂದು ಮುಗಿಯುವುದರಲ್ಲಿತ್ತು. ಅದರಲ್ಲಿ ಕೆಟ್ಟ ಅತ್ತೆಯ ಪಾತ್ರ ಮಾಡಿದ ನಟಿಗೆ ಅಭಿಮಾನಿಗಳು ಒಂದು ಭಾನುವಾರ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ತಾವೇ ಮಾಡಿದ ವಿಡಿಯೋಗಳನ್ನು ಆ ನಟಿಯೆದುರೇ ಪರದೆ ಮೇಲೆ ತೋರಿಸುವ ಏರ್ಪಾಡಿತ್ತು.

"ಎಲ್ಲರೂ ಬೈಯೋ ಅತ್ತೆಗೆ ನೀವು ಫ್ಯಾನಾ?" ಎಂದ.

"ಅಷ್ಟು ಜನರ ಹತ್ರ ಬೈಸ್ಕೊಳ್ಳೋದೇನು ಸುಲಭನಾ?" ಎಂದಳು.

ಅವನು ನಕ್ಕ. ಅವಳು ನಗಲಿಲ್ಲ. ಕೋಣೆಯಿಂದ ಎಲ್ಲರೂ ಎದ್ದು ಹೋದ ಮೇಲೆ ಆ ಅತ್ತೆ ಒಬ್ಬಳೇ ಖಾಲಿ ಕುರ್ಚಿಗಳನ್ನು ನೋಡುವ ದೃಶ್ಯಗಳಿವೆಯಲ್ಲ, ಅವನ್ನಷ್ಟೇ ಕತ್ತರಿಸಿ, ಜೋಡಿಸಿ, ಕೆಳಗೊಂದು ಹಾಡು ಹಾಕಬೇಕು ಎಂದು ವಿವರಿಸಿದಳು. ಮನೆಯಲ್ಲಿರುವುದು ಅಕ್ಕನ ಹಳೇ ಲ್ಯಾಪ್‌ಟಾಪ್. ಆಗದಿದ್ದರೆ ಫೋನಿನಲ್ಲೇ ಆದರೂ ಸರಿ.

ಅವಳ ಮುಖ ಬಿಟ್ಟು ಪರದೆ ನೋಡುತ್ತ ಹೇಳಿದ.

"ಫೋನಿಂದೆಲ್ಲ ಆಟದ ಸಾಮಾನು. ಕಲಿಯೋದಾದ್ರೆ ಸರಿಯಾದ್ದೇ ಕಲೀರಿ. ನಾನಿದ್ದೀನಲ್ಲ."

ಆ ಕೊನೆಯ ಮಾತು ಬಸ್ಸಿನ ದಾರಿಯುದ್ದಕ್ಕೂ ಅವಳ ಜೊತೆ ಬಂತು.

ಅವನು ಹಾಕಿಕೊಟ್ಟದ್ದು ಸಿನಿಮಾದವರು ಬಳಸುವ ಸಾಫ್ಟ್‌ವೇರ್. ತೆರೆದರೆ ಸಾಕು, ಲ್ಯಾಪ್‌ಟಾಪ್ ಮಿಕ್ಸಿಯ ಹಾಗೆ ಕೂಗುತ್ತಿತ್ತು. ಎಲ್ಲಿ ನೋಡಿದರೂ ಗುಂಡಿ, ಗೆರೆ, ಕಿಟಕಿಯೊಳಗೆ ಕಿಟಕಿ. ಅವಳಿಗೆ ಅದು ಕಬ್ಬಿಣದ ಕಡಲೆಯಾಯಿತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ತಂದೆ ಎಂದು ಅಕ್ಕ ಕೇಳಿದಳು. ಅವರು ತಿಳಿದವರು, ಸುಮ್ಮನೆ ಹೇಳ್ತಾರಾ ಎಂದು ಇವಳು ಅಕ್ಕನ ಬಾಯಿ ಮುಚ್ಚಿಸಿದಳು.

ಅಂಗಡಿ ಮುಚ್ಚಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಸ್ಟುಡಿಯೋಗೆ ಹೋಗುವುದು ರೂಢಿಯಾಯಿತು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಮೌಸಿನ ಮೇಲಿದ್ದ ಅವಳ ಕೈ ಮೇಲೆ ಅವನ ಕೈ ಬರುತ್ತಿತ್ತು. ಮುಟ್ಟುತ್ತಿರಲಿಲ್ಲ, ಬಿಸಿ ಮಾತ್ರ ಗೊತ್ತಾಗುತ್ತಿತ್ತು. ಪಾತ್ರದ ರೆಪ್ಪೆ ಮುಚ್ಚುವ ಕಡೆ ಕತ್ತರಿಸಿದರೆ ನೋಡುವವರಿಗೆ ತಿಳಿಯುವುದೇ ಇಲ್ಲ ಎಂದು ಹೇಳಿಕೊಟ್ಟದ್ದು ಅವನೇ.

"ನಿನ್ನನ್ನ ಎಲ್ಲಿ ಕಟ್ ಮಾಡೋದು ಅಂತಾನೇ ಗೊತ್ತಾಗಲ್ಲ," ಎಂದ ಒಂದು ದಿನ. "ರೆಪ್ಪೆ ಬಡಿಯೋದೇ ಇಲ್ಲ, ಹಾಗೆ ನೋಡ್ತೀಯ."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಪರದೆ ನೋಡಿದರು.

ಆದರೆ ವಿಡಿಯೋ ಮಾತ್ರ ಮುಂದೆ ಸಾಗಲಿಲ್ಲ. ಇಂದು ಕಲಿತದ್ದು ನಾಳೆ ಮರೆತುಹೋಗುತ್ತಿತ್ತು. ಒಂದು ಸಂಜೆ ತೆರೆದು ನೋಡಿದರೆ ಜೋಡಿಸಿದ್ದ ತುಣುಕುಗಳೆಲ್ಲ ಕೆಂಪಾಗಿ, ಫೈಲ್ ಸಿಗುತ್ತಿಲ್ಲ ಎಂದು ಹೇಳುತ್ತಿದ್ದವು. ಹಿಂದಿನ ದಿನ ಯಾವುದೋ ಫೋಲ್ಡರನ್ನು ಜಾಗ ಬದಲಿಸಿದ್ದಳು, ಅಷ್ಟೆ. ಅವಳಿಗೆ ತಡೆಯಲಾಗಲಿಲ್ಲ. ನಾನು ದಡ್ಡಿ, ಶಾಲೆಯಲ್ಲೂ ಎಲ್ಲರೂ ಇದನ್ನೇ ಹೇಳುತ್ತಿದ್ದರು ಎಂದು ಅತ್ತಳು.

ಅವನು ಕರ್ಚೀಫಿನಿಂದ ಅವಳ ಕಣ್ಣೊರೆಸಿದ. "ದಡ್ಡಿ ಅಲ್ಲ. ನಿಧಾನ, ಅಷ್ಟೆ." ಆಮೇಲೆ ಎರಡು ಗುಂಡಿ ಒತ್ತಿ ಎಲ್ಲವನ್ನೂ ಸರಿ ಮಾಡಿಕೊಟ್ಟ. ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದು ಬಂದ. ದಾರಿಯಲ್ಲಿ ಅವಳೇ ಅವನ ಕೈ ಹಿಡಿದಳು. ಇಂಥ ದಡ್ಡಿಯನ್ನೂ ಸಹಿಸಿಕೊಳ್ಳುವ ಮನುಷ್ಯ ಸಿಕ್ಕಿದನಲ್ಲ ಎಂದು ಅವಳ ಜೀವ ಹೂವಿನಷ್ಟು ಹಗುರಾಗಿತ್ತು.

ಬೀಳ್ಕೊಡುಗೆಯ ವಾರ ವಿಡಿಯೋ ಹೇಗೋ ಒಂದು ರೂಪಕ್ಕೆ ಬಂತು. ಅದನ್ನು ಒಂದೇ ಫೈಲಾಗಿ ಹೊರತೆಗೆಯುವುದಷ್ಟೇ ಉಳಿದಿತ್ತು. ಅಕ್ಕನ ಲ್ಯಾಪ್‌ಟಾಪಿಗೆ ಅದನ್ನು ಹೊರುವ ಶಕ್ತಿಯಿರಲಿಲ್ಲ. ಅರ್ಧಕ್ಕೆ ಬಂದು ಉಸಿರು ನಿಲ್ಲಿಸುತ್ತಿತ್ತು. ಎಡಿಟರ್ ಮದುವೆಯೊಂದರ ಶೂಟಿಂಗಿಗೆ ಬೇರೆ ಊರಿಗೆ ಹೋಗಿದ್ದ. ಶನಿವಾರ ಬಂದು ಸ್ಟುಡಿಯೋದಲ್ಲೇ ಮಾಡಿಕೊಡುತ್ತೇನೆ ಎಂದಿದ್ದ. ಬರಲಿಲ್ಲ. ಭಾನುವಾರ ಅವಳು ಅಕ್ಕನ ಜೊತೆ ಬರಿಗೈಯಲ್ಲಿ ಹಾಲ್‌ಗೆ ಹೋದಳು.

ಅಲ್ಲಿ ಎಲ್ಲರಿಗೂ ಹಿಡಿಸಿದ್ದು ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರ ವಿಡಿಯೋ. ಅತ್ತೆಯ ಪಾತ್ರದ ನಟಿ ತಾವೇ ಎದ್ದು ಬಂದು ಆಕೆಯನ್ನು ತಬ್ಬಿಕೊಂಡರು. ಇವಳು ಕೊನೆಯ ಸಾಲಿನಿಂದ ಚಪ್ಪಾಳೆ ತಟ್ಟಿದಳು. ಆಮೇಲೆ ಹತ್ತಿರ ಹೋಗಿ, ಯಾವ ಸಾಫ್ಟ್‌ವೇರ್ ಅಮ್ಮಾ, ಕಲಿಯಲು ಎಷ್ಟು ದಿನ ಬೇಕಾಯಿತು ಎಂದು ಕೇಳಿದಳು.

"ದಿನ ಎಲ್ಲಿ ಮಗಳೇ, ಒಂದು ಮಧ್ಯಾಹ್ನ. ಫೋನಲ್ಲೇ ಮಾಡಿದ್ದು," ಎಂದರು ನರ್ಸಮ್ಮ. ಅವರಿಗೆ ಇವಳ ಗುರುತು ಹತ್ತಿತು. "ನನ್ನ ಕನ್ನಡಕ ಮಾಡಿಕೊಟ್ಟೋಳು ನೀನೇ ಅಲ್ವಾ? ನಿಮ್ಮಂಗಡಿ ಎದುರಿನ ಸ್ಟುಡಿಯೋ ಎಡಿಟರ್ರೇ ಈ ಆ್ಯಪ್ ಹಾಕ್ಕೊಟ್ಟಿದ್ದು. ಹೊಸಬರಿಗೆ ಇದೇ ಸರಿ, ಆ ದೊಡ್ಡದರ ತಂಟೆಗೇ ಹೋಗ್ಬೇಡಿ ಅಂದ್ರು."

ಅಕ್ಕ ಅವಳ ಮುಖ ನೋಡಿದಳು.

ಮರುದಿನ ಅವನು ಊರಿಗೆ ಬಂದ ಮೇಲೆ ಅವಳು ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ತಡವಾದದ್ದಕ್ಕೆ ಕಾರಣ ಹೇಳತೊಡಗಿದ. ಅವಳು ಬಾಗಿಲ ಬಳಿಯೇ ನಿಂತು ಕೇಳಿದಳು.

"ಅವರಿಗೆ ಫೋನಿಂದು ಕೊಟ್ರಿ. ನನಗ್ಯಾಕೆ ಇದು ಕೊಟ್ರಿ?"

ಅವನು ಮೌಸಿನಿಂದ ಕೈ ತೆಗೆದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಅದನ್ನ ಕೊಟ್ಟಿದ್ರೆ ನೀನು ಅವತ್ತೇ ಕಲ್ತು ಹೋಗ್ಬಿಡ್ತಿದ್ದೆ. ಮತ್ತೆ ಬರ್ತಿರಲಿಲ್ಲ."

"ಬರ್ತಿದ್ದೆ. ಮಾಡಿದ್ದು ತೋರ್ಸೋಕೆ ಬರ್ತಿದ್ದೆ."

"ನೀನಂದ್ರೆ ನನಗೆ ಪ್ರಾಣ ಕಣೇ," ಎಂದ ಅವನು. ಇಷ್ಟು ದಿನ ಅವಳು ಕಾದಿದ್ದ ಮಾತು. ಅದು ಬರಬಾರದ ಹೊತ್ತಿನಲ್ಲಿ ಬಂತು.

"ನಾನು ದಡ್ಡಿ ಅಂತ ಅತ್ತಾಗ ಕಣ್ಣೊರೆಸಿದ್ರಿ. ನಿಧಾನ ಅಷ್ಟೆ ಅಂದ್ರಿ. ತಪ್ಪು ನಂದಲ್ಲ ಅಂತ ಗೊತ್ತಿತ್ತಲ್ಲ ನಿಮಗೆ. ಅವತ್ತಾದ್ರೂ ಹೇಳ್ಬೋದಿತ್ತು."

"ಹೇಳೋಣ ಅಂತಾನೇ ಜೊತೆಗೆ ನಡ್ಕೊಂಡು ಬಂದೆ. ಅಷ್ಟರಲ್ಲಿ ನೀನು ಕೈ ಹಿಡಿದೆ."

ಮೆಟ್ಟಿಲಿಳಿದಳು.

ಮುಂದಿನ ಭಾನುವಾರ ಊಟ ಮುಗಿಸಿ ಫೋನ್ ಹಿಡಿದು ಕೂತಳು. ನರ್ಸಮ್ಮ ಹೇಳಿದ ಆ್ಯಪ್. ಬಿಸಿಲು ಇಳಿಯುವ ಮೊದಲೇ ವಿಡಿಯೋ ಸಿದ್ಧವಾಯಿತು. ಖಾಲಿ ಕುರ್ಚಿಗಳು, ಅವನ್ನು ನೋಡುವ ಕಣ್ಣು, ಕೆಳಗೆ ಹಾಡು. ಅಮ್ಮ ನೋಡಿ ಮತ್ತೊಮ್ಮೆ ಹಾಕು ಎಂದರು. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಇಷ್ಟೇ ಇತ್ತಲ್ಲ ಎಂದು ಅತ್ತಳು. ಇಷ್ಟೇ ಆಗಿದ್ದಿದ್ದರೆ ಆ ಸಂಜೆಗಳು ಇರುತ್ತಿರಲಿಲ್ಲವಲ್ಲ ಎಂದೂ ಅತ್ತಳು. ಅವನ್ನು ಬೇಡವೆನ್ನಲು ಮನಸ್ಸು ಒಪ್ಪಲಿಲ್ಲ. ಹೆಚ್ಚು ಉರಿದದ್ದು ಅದಕ್ಕೇ.

ಕೆಲವು ತಿಂಗಳ ಮೇಲೆ ಅವನು ಬೇರೆ ಊರಿನಲ್ಲಿ ಕೆಲಸಕ್ಕೆ ಸೇರುವ ಸುದ್ದಿ ಬೀದಿಯಲ್ಲಿ ಹಬ್ಬಿತು. ಹೊರಡುವ ದಿನ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಅಂಗಡಿಯೊಳಗೆ ಬಂದು ನಿಂತ. ಅವಳು ಫ್ರೇಮ್ ಒಂದಕ್ಕೆ ತಿರುಪು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಯಾರಮ್ಮಾ ಅದು, ನಿನ್ನನ್ನೇ ನೋಡ್ತಿದ್ದಾರೆ ಎಂದರು ಮಾಲೀಕರು.

"ಕಸ್ಟಮರ್ ಅಲ್ಲ, ಸರ್," ಎಂದಳು.

ಆಮೇಲೆ ಬಾಗಿಲ ಸದ್ದಾಯಿತು. ಬೆರಳ ನಡುವಿನ ತಿರುಪು ಜಾರಿ ಎಲ್ಲಿಗೋ ಉರುಳಿತು. ಅವಳು ಅದನ್ನು ಹುಡುಕದೆ ಎದ್ದು ಬಾಗಿಲಿಗೆ ಬಂದಳು. ಅವನು ತಿರುವಿನ ಹತ್ತಿರ ನಿಧಾನಕ್ಕೆ ನಡೆಯುತ್ತಿದ್ದ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದ.

ಅವಳು ಕೂಗಲಿಲ್ಲ.