ಬ್ರೇಕ್ ಹಿಡಿದು ನೋಡದ ಭಾನುವಾರ

ನನಗೆ ಸಿಟ್ಟು ಬೇಗ. ಶಿಕಾರಿಪುರದಲ್ಲಿ ನಮ್ಮ ಹಿಟ್ಟಿನ ಗಿರಣಿಗೆ ಬರುವ ಯಾರನ್ನು ಬೇಕಾದರೂ ಕೇಳಿ, ವಾಣಿಶ್ರೀ ಬೀಸಿದ ಹಿಟ್ಟು ನುಣ್ಣಗೆ, ಮಾತು ಮಾತ್ರ ತರಿತರಿ ಅಂತಾರೆ. ಅಂಥವಳು ಆ ಸೋಮವಾರ ಗಿರಣಿಯ ಲಗೇಜ್ ಆಟೊವನ್ನು ಸೊರಬದ ಬಸ್ ಸ್ಟ್ಯಾಂಡ್ ಎದುರು ಅಡ್ಡಾದಿಡ್ಡಿ ನಿಲ್ಲಿಸಿ ಗಣೇಶನ ಸೈಕಲ್ ಅಂಗಡಿಗೆ ನುಗ್ಗಿದೆ ಅಂದರೆ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಹಿಂದಿನ ದಿನ ನನ್ನ ಮಗಳು ಶರಣ್ಯ ಗುಡ್ಡ ಇಳಿಯುವಾಗ ಸೈಕಲ್ ಸಮೇತ ಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಳು. ಹದಿನಾರು ವರ್ಷದ ಹುಡುಗಿ. ಮೊದಲನೇ ತಿರುವಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ, ನೆಟ್ಟಗೆ ಹೋಗಿ ಲಂಟಾನಾ ಪೊದೆಯೊಳಗೆ ಬಿದ್ದಳು. ದಸರಾ ಹಬ್ಬಕ್ಕೆ ಮುಂಚೆ ಆ ಬ್ರೇಕ್ ಸರ್ವೀಸ್ ಮಾಡಿಕೊಟ್ಟವನು ಇದೇ ಗಣೇಶ್.

"ಏನ್ರೀ, ಬ್ರೇಕ್ ರಿಪೇರಿ ಮಾಡಾಕ ಬರ್ತದೋ ಇಲ್ಲೋ ನಿಮಗ? ಬರೂದಿಲ್ಲ ಅಂದ್ರ ಅಂಗಡಿ ಮುಚ್ಚಿ ಬಸ್ ಸ್ಟ್ಯಾಂಡಿನಾಗ ಶೇಂಗಾ ಮಾರ್ರಿ!"

ಅವನು ಒಂದು ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದ. ಎದ್ದು ನಿಂತ. ಪಂಕ್ಚರ್ ಹಾಕಿಸಲು ಬಂದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸುತ್ತ ಸೇರಿದರು.

"ತಪ್ಪು ನಂದೇ ರೀ" ಅಂದ.

ಅಷ್ಟೇ. ಆ ಪುಣ್ಯಾತ್ಮ 'ನಾನಲ್ಲ' ಅಂತ ಒಂದು ಮಾತು ವಾದಿಸಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿ ಸಿಗುತ್ತಿತ್ತು. ತಲೆ ತಗ್ಗಿಸಿ ನಿಂತವನನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ.

"ಶರಣ್ಯ ಹೆಂಗಿದಾಳೆ?" ಅಂತ ಮೆಲ್ಲಗೆ ಕೇಳಿದ.

"ಅಕಿ ಹೆಸರು ನಿಮ್ಮ ಬಾಯಾಗ ಬರಬಾರ್ದು. ಇವತ್ತಿಗೆ ಮುಗೀತು. ಗುಡ್ಡನೂ ಮುಗೀತು, ನೀವೂ ಮುಗಿದ್ರಿ."

ಒಳಗಿನಿಂದ ಅವನ ತಾಯಿ ವನಜಮ್ಮ ಲೋಟ ಹಿಡಿದು ಬಂದರು. "ತಂಗೀ, ಒಂಚೂರು ಚಾ ಕುಡ್ದು ಬೈಯಮ್ಮ. ಗಂಟಲು ಒಣಗ್ತದೆ."

ಚಾ ಮುಟ್ಟದೆ ಹೊರಟೆ.

ಯಾಕೆ ಅಷ್ಟು ಉರಿಯಿತು ಅಂದರೆ, ಸುಳ್ಳು ಯಾಕೆ ಹೇಳಲಿ, ಅವನು ಬರೀ ಮೆಕ್ಯಾನಿಕ್ ಆಗಿ ಉಳಿದಿರಲಿಲ್ಲ ನನಗೆ.

ನನ್ನ ಯಜಮಾನರು ತೀರಿಕೊಂಡು ಏಳು ವರ್ಷ. ಎರಡು ವರ್ಷದ ಹಿಂದೆ ಶರಣ್ಯ ಫೋನಿನಲ್ಲಿ ಯಾವುದೋ ವಿಡಿಯೊ ತೋರಿಸಿ, "ಅಮ್ಮ, ನಾನೂ ಡೌನ್‌ಹಿಲ್ ಮಾಡ್ತೀನಿ" ಅಂದಳು. ಗುಡ್ಡದ ನೆತ್ತಿಯಿಂದ ಕಲ್ಲು, ಬೇರು, ಕೊರಕಲು ಎಲ್ಲ ಹಾರಿಸಿಕೊಂಡು ಕೆಳಗೆ ಬರುವ ಆಟ. ಯಾರು ಬೇಗ ಇಳೀತಾರೋ ಅವರು ಗೆದ್ದರು. ನನ್ನ ಎದೆ ಝಲ್ ಅಂದಿತು. ಆದರೆ ಅಪ್ಪ ಹೋದ ಮೇಲೆ ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಹುಡುಕಿ ಹುಡುಕಿ ಸೊರಬದ ಗಣೇಶನನ್ನು ಹಿಡಿದೆ. ಹಿಂದೆ ತಾನೂ ರೇಸ್‌ನಲ್ಲಿ ಇಳಿದು ಬಲ ಮೊಣಕಾಲು ಕೆಡಿಸಿಕೊಂಡವನು, ಈಗಲೂ ಸ್ವಲ್ಪ ಕುಂಟುತ್ತಾನೆ. ಮದುವೆಯಾಗಿ ಎರಡೇ ವರ್ಷಕ್ಕೆ ಬೇರೆಯಾದವನು.

ಆಮೇಲೆ ಪ್ರತಿ ಭಾನುವಾರ ನಮ್ಮದು ಒಂದೇ ಕ್ರಮ. ಸೈಕಲ್ಲನ್ನು ಲಗೇಜ್ ಆಟೊಗೆ ಹಾಕಿ, ಸೊರಬದಾಚೆಯ ಗುಡ್ಡಕ್ಕೆ ನಾನೇ ಓಡಿಸಿಕೊಂಡು ಹೋಗುವುದು. ಅವನು ನೆತ್ತಿಯಲ್ಲಿ, ನಾನು ಕೆಳಗಡೆ ಬಂಡೆಯ ಮೇಲೆ ಸ್ಟಾಪ್‌ವಾಚ್ ಹಿಡಿದು. ಅವಳು ಹೊರಡುವ ಮುಂಚೆ ಅವನು ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ದೂಡಿ ನೋಡಿ, ಆಮೇಲೆ ಕೆಂಪು ಟವೆಲ್ ಬೀಸುತ್ತಿದ್ದ. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿಸಿರಲಿಲ್ಲ.

ಮಧ್ಯಾಹ್ನ ನನ್ನ ಬುತ್ತಿ ಬಿಚ್ಚುತ್ತಿದ್ದೆ. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಸೊರಬದ ಬಾಯಿಗೆ ನಮ್ಮ ಖಾರ ತಡೆಯುವುದಿಲ್ಲ. ಅವನ ಕಿವಿ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು, ಆದರೂ ನೀರು ಕೇಳುತ್ತಿರಲಿಲ್ಲ.

"ಖಾರ ಆತೇನ್ರಿ?"

"ಛೇ, ಇಲ್ಲ ರೀ. ಗುಡ್ಡದ ಧೂಳು ಕಣ್ಣಿಗೆ ಹೋಯ್ತು."

"ಧೂಳು ಕಿವಿಗೂ ಹೋಗೇತೇನು? ಕೆಂಪಾಗ್ಯಾವು."

ಆಗ ನನ್ನನ್ನು ಒಂದು ಸಲ ನೋಡುತ್ತಿದ್ದ. ನೋಡಿ, ತಕ್ಷಣ ತಟ್ಟೆ ಕಡೆಗೆ ತಿರುಗುತ್ತಿದ್ದ. ಮಗಳು ಬಾಟಲಿ ಮುಂದೆ ತಳ್ಳಿ ನಗುತ್ತಿದ್ದಳು. ಮುಂದಿನ ವಾರ ನಾನು ಚಟ್ನಿಗೆ ಬೇಕಂತಲೇ ಇನ್ನೊಂದು ಮೆಣಸಿನಕಾಯಿ ಹಾಕುತ್ತಿದ್ದೆ.

ಆ ಕೆಟ್ಟ ಭಾನುವಾರ ಮಾತ್ರ ನಾನು ಮೊದಲ ಸಲ ಗುಡ್ಡ ಹತ್ತಿದೆ. ದಸರಾ ಮುಗಿದಿತ್ತಷ್ಟೇ. ಹಬ್ಬದ ದಿನ ಸಿಗದವರಿಗೆ ಆಮೇಲೆ ಸಿಕ್ಕಾಗ ಬನ್ನಿ ಎಲೆ ಕೊಡುವುದು ನಮ್ಮ ಮನೆಯ ರೂಢಿ. ಹಸಿರು ಇಳಕಲ್ ಸೀರೆ ಉಟ್ಟು, ಏದುಸಿರು ಬಿಡುತ್ತ ನೆತ್ತಿಗೆ ಹೋಗಿ ಅವನ ಕೈಗೆ ಬನ್ನಿ ಹಾಕಿದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂದೆ. ಎಲ್ಲರಿಗೂ ಅನ್ನುವ ಮಾತೇ. ಆದರೆ ಅವನಿಗೆ ಅನ್ನುವಾಗ ನನ್ನ ದನಿ ಬೇರೆಯಾಯಿತು. ಇಳಿದು ಬಂದು ಬಂಡೆಯ ಮೇಲೆ ಕೂರುವಷ್ಟರಲ್ಲಿ ಮಗಳು ಬಿದ್ದಳು.

ಹೇಳಿ, ಸಿಟ್ಟು ಬರಬಾರದೇ?

ಎರಡು ತಿಂಗಳು ಆ ಹೆಸರನ್ನು ಮನೆಯಲ್ಲಿ ಎತ್ತಲು ಬಿಡಲಿಲ್ಲ. ಶರಣ್ಯ ಒಮ್ಮೆ, "ಸರ್ ತಪ್ಪಲ್ಲ ಅಮ್ಮ" ಅಂದಳು. "ಅವರೇ ಒಪ್ಪಿಕೊಂಡಾರ, ನಿಂದೇನು ವಕಾಲತ್ತು?" ಅಂತ ಗದರಿದೆ. ಆಮೇಲೆ ಅವಳು ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಭಾನುವಾರ ಬೆಳಗ್ಗೆ ನಾನು ಅಭ್ಯಾಸಬಲದಿಂದ ರೊಟ್ಟಿ ಹೆಚ್ಚು ಬಡಿದು, ಆಮೇಲೆ ಆ ರೊಟ್ಟಿಯ ಮೇಲೂ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಡಿಸೆಂಬರ್ ಮೊದಲ ವಾರ ಡಾಕ್ಟರು, ಎಲುಬು ಕೂಡಿದೆ, ಇನ್ನು ಸೈಕಲ್ ಹತ್ತಬಹುದು ಅಂದರು. ಅವತ್ತೇ ಅವಳು ಫಾರ್ಮ್ ತಂದು ಗಿರಣಿಯ ಮೇಜಿನ ಮೇಲಿಟ್ಟಳು. ಜನವರಿಯಲ್ಲಿ ರಾಜ್ಯ ತಂಡದ ಆಯ್ಕೆ ರೇಸ್. ಕಿರಿಯರ ವಿಭಾಗದಲ್ಲಿ ಅವಳಿಗೆ ಇದೇ ಕೊನೆಯ ವರ್ಷ. ಪೋಷಕರ ಸಹಿ ಬೇಕು, ಸೋಮವಾರ ಕೊನೆಯ ದಿನ.

"ಸಹಿ ಇಲ್ಲ ಗಿಹಿ ಇಲ್ಲ. ಸೈಕಲ್ ಮಾರ್ತೀನಿ" ಅಂದೆ.

ಅಲ್ಲೇ ಕೂತಿದ್ದ ನಮ್ಮ ಭಾವ ತೋಟಪ್ಪನವರು, "ಈಗ ಬುದ್ಧಿ ಬಂತು ನೋಡು. ಹೆಣ್ಮಕ್ಕಳಿಗೆ ಗುಡ್ಡ ಯಾಕ ಬೇಕು?" ಅಂದರು. ಎರಡು ವರ್ಷ ಇದೇ ಮಾತಿಗೆ ಅವರ ಜೊತೆ ಜಗಳ ಆಡಿದವಳು ನಾನು. ಅವತ್ತು ಬಾಯಿ ಮುಚ್ಚಿಕೊಂಡು ಕೂತೆ. ಮಗಳು ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ.

ಶನಿವಾರ ಬೆಳಗ್ಗೆ ಸೈಕಲ್ ನೋಡಲು ಯಾರೋ ಬರುವವರಿದ್ದರು. ಅಂಗಳಕ್ಕೆ ತಂದು ತೊಳೆದೆ. ಗಿರಣಿಯಲ್ಲಿ ಮೊದಲಿನಿಂದ ನಮ್ಮ ಪದ್ಧತಿ, ಕಬ್ಬಿಣದ್ದು ಯಾವುದೇ ಇರಲಿ, ತೊಳೆದ ಮೇಲೆ ಎಣ್ಣೆ ಕೈ ಆಡಿಸಬೇಕು, ಇಲ್ಲದಿದ್ದರೆ ತುಕ್ಕು. ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿಕೊಂಡು ಹ್ಯಾಂಡಲ್ ಒರೆಸಿದೆ, ಕಡ್ಡಿಗಳನ್ನು ಒರೆಸಿದೆ. ಚಕ್ರದ ನಡುವೆ ತೂತು ತೂತಿನ ಒಂದು ಉಕ್ಕಿನ ತಟ್ಟೆ ಇರುತ್ತದಲ್ಲ, ಅದಕ್ಕೆ ಕೈ ಹಾಕಿದೆ.

"ಅಮ್ಮಾ! ಡಿಸ್ಕಿಗೆ ಮತ್ತ ಎಣ್ಣಿ ಹಚ್ಚಬ್ಯಾಡ!"

ಬಾಗಿಲಲ್ಲಿ ಶರಣ್ಯ. ಕೂಗಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

"ಮತ್ತ ಅಂದ್ರ?"

ಅವಳು ಬಂದು ನನ್ನ ಕೈಯಿಂದ ಎಣ್ಣೆ ಬಟ್ಟೆ ಕಿತ್ತುಕೊಂಡಳು.

"ಶರಣ್ಯಾ, ಮತ್ತ ಅಂದ್ರ ಏನು?"

"ಬ್ರೇಕ್ ಆ ತಟ್ಟಿ ಹಿಡಿದೇ ಸೈಕಲ್ ನಿಲ್ಲಿಸೂದು ಅಮ್ಮ. ಎಣ್ಣಿ ಬಿದ್ರ ಜಾರ್ತದ. ಆಯುಧಪೂಜಿ ದಿನ ನೀನು ಎಲ್ಲದಕ್ಕೂ ಹಚ್ಚಿದ್ದಿ."

ಹಚ್ಚಿದ್ದೆ. ಗಿರಣಿಯ ಕಲ್ಲು ತೊಳೆದು, ಕುಡಗೋಲು, ಕತ್ತರಿ, ಈಳಿಗೆ ಎಲ್ಲಕ್ಕೂ ಎಣ್ಣೆ ಹಚ್ಚಿ ಸಾಲಾಗಿಟ್ಟು, ವಿಭೂತಿ ಬಳಿದು, ಕುಂಕುಮವಿಟ್ಟು, ಕಡೆಗೆ ಮಗಳ ಸೈಕಲ್ಲು. ಅವಳನ್ನು ಕಾಪಾಡುವುದು ಇದೇ ಅಲ್ಲವೇ ಅಂತ ಅದಕ್ಕೆ ಎರಡು ಸಲ ಕೈ ಆಡಿಸಿದ್ದೆ. ಆ ತಟ್ಟೆ ಹೊಳೆಯುವ ಹಾಗೆ ಉಜ್ಜಿದ್ದೆ. ಹಬ್ಬದ ಪೂಜೆಗಿಟ್ಟದ್ದನ್ನು ಆಮೇಲೆ ಎತ್ತಿದ್ದು ಆ ಭಾನುವಾರವೇ.

ಅಲ್ಲೇ ಕಟ್ಟೆಯ ಮೇಲೆ ಕೂತೆ. ನನ್ನ ಮಗಳ ಎಲುಬು ಮುರಿದವಳು ನಾನು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ಓಡಿಸಲು ಸೊರಬಕ್ಕೆ ಹೋಗಿದ್ದೆ.

"ನಿನಗ ಯಾವಾಗ ಗೊತ್ತಾತು?"

"ಬಿದ್ದ ದಿನವೇ. ಸರ್ ಚಕ್ರ ಮೂಸಿ ನೋಡಿದ್ರು, ಕೊಬ್ಬರಿ ಎಣ್ಣಿ ವಾಸನಿ. ನಿಮ್ಮಮ್ಮಂಗೆ ಹೇಳಬೇಡ ಅಂದ್ರು. ಅವರಿಗೆ ಗೊತ್ತಾದ್ರೆ ತಮ್ಮನ್ನ ತಾವು ಕ್ಷಮಿಸೋದಿಲ್ಲ, ನಿನ್ನನ್ನ ಮತ್ತೆ ಸೈಕಲ್ ಹತ್ತಿಸೋದೂ ಇಲ್ಲ, ನನ್ನ ಮೇಲೆ ಸಿಟ್ಟಾದ್ರೆ ಒಂದಿನ ಇಳೀತದೆ ಅಂದ್ರು."

ಅಳು ಬರಬೇಕಿತ್ತು. ಬಂದದ್ದು ಸಿಟ್ಟು, ಈ ಸಲ ನೆತ್ತಿಯವರೆಗೆ. ಸೈಕಲ್ ನೋಡಲು ಬರುವವರಿಗೆ ಫೋನ್ ಮಾಡಿ ಬರಬೇಡಿ ಅಂದೆ. ಫಾರ್ಮ್ ಸೆರಗಿಗೆ ಸಿಕ್ಕಿಸಿಕೊಂಡು ಆಟೊ ಹತ್ತಿದೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಹೋದೆ.

ಅದೇ ಬಸ್ ಸ್ಟ್ಯಾಂಡ್, ಅದೇ ಅಂಗಡಿ. ನನ್ನನ್ನು ಕಂಡದ್ದೇ ಅವನು ಎದ್ದು ನಿಂತ. ಗಡ್ಡ ಬಿಟ್ಟಿದ್ದ. ಸೊರಗಿದ್ದ.

"ನನ್ನ ತಪ್ಪು ಹೊತ್ತುಕೊಳ್ಳಾಕ ನೀವ್ಯಾರ್ರಿ?" ಅಂದೆ. "ನಾನು ಕೇಳಿದ್ನೇನು? ನಡು ಬಜಾರಿನಾಗ ಅಷ್ಟು ಮಂದಿ ಮುಂದ ಬೈಸಿಕೊಂಡ್ರಲ್ಲ, ನನ್ನನ್ನ ಎಂಥಾ ಕೆಟ್ಟ ಹೆಂಗಸು ಮಾಡಿದ್ರಿ ನೀವು! ದೊಡ್ಡ ಮನುಷ್ಯ ಆಗಬೇಕಿತ್ತೇನು? ಎಣ್ಣಿ ಹಚ್ಚಿದಾಕಿ ನಾನು. ಬೈಬೇಕಿತ್ತು ನನಗ! ಯಾಕ ಬೈಲಿಲ್ಲ?"

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಬಡಿದ. ಎರಡು ವರ್ಷದಲ್ಲಿ ಮೊದಲ ಸಲ ಅವನ ದನಿ ಏರಿತು.

"ನಿಮಗೊಬ್ರಿಗೇ ಸಿಟ್ಟು ಬರೋದಾ ಮಾರಾಯ್ತಿ? ಎರಡು ತಿಂಗಳಿಂದ ನಾನು ನಿದ್ದೆ ಮಾಡಿಲ್ಲ. ತಪ್ಪು ನಂದೇ ಅಂದೆ, ಅದು ನಿಜಾನೇ ಹೇಳಿದ್ದು. ನೀವು ಎಣ್ಣೆ ಹಚ್ಚಿರಿ, ತುಪ್ಪ ಹಚ್ಚಿರಿ, ಅದನ್ನ ಹಿಡಿಯೋದು ನನ್ನ ಕೆಲಸ. ಬ್ರೇಕ್ ನೋಡ್ದೆ ಇವತ್ತಿನವರೆಗೆ ಒಬ್ಬರನ್ನೂ ಕೆಳಗೆ ಬಿಟ್ಟವನಲ್ಲ ನಾನು. ಅವತ್ತು ನೋಡಲಿಲ್ಲ."

"ಯಾಕ ನೋಡಲಿಲ್ಲ?"

ಅವನ ಕಿವಿ ಕೆಂಪಾಯಿತು, ಚಟ್ನಿ ತಿಂದಾಗ ಆಗುವಷ್ಟೇ.

"ಹೇಳ್ರಿ. ಯಾಕ?"

"ಕೈಲಿ ಬನ್ನಿ ಇತ್ತು" ಅಂದ. "ನೀವು ಕೆಳಗೆ ಇಳೀತಾ ಇದ್ರಿ. ಹಸಿರು ಸೀರೆ. ನೋಡ್ತಾ ನಿಂತೆ. ಅವಳು ರೆಡಿ ಸರ್ ಅಂದ್ಲು, ನಾನು ನಿಮ್ಮನ್ನೇ ನೋಡ್ತಾ ಟವೆಲ್ ಬೀಸಿಬಿಟ್ಟೆ. ಮಗಳನ್ನ ನನ್ನ ಕೈಗೆ ಒಪ್ಪಿಸಿದ ತಾಯಿನ ನೋಡ್ತಾ ಆ ಮಗಳನ್ನೇ ಬೀಳಿಸಿದೆ. ಇದನ್ನ ಯಾವ ಬಾಯಲ್ಲಿ ನಿಮಗೆ ಹೇಳ್ಲಿ?"

ಮೇಜಿನ ಖಾನೆ ಎಳೆದ. ಸ್ಕ್ರೂ, ನಟ್ಟುಗಳ ನಡುವೆ ಒಂದು ಚಿಕ್ಕ ಡಬ್ಬಿ. ಅದರಲ್ಲಿ ಒಣಗಿ ಕಂದಾಗಿದ್ದ ಬನ್ನಿ ಎಲೆಗಳು.

ಬೆರಳ ತುದಿಯಿಂದ ಒಂದು ಎಲೆ ಮುಟ್ಟಿದೆ. ಕೋಪದಲ್ಲಿ ಕುಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರೆ. ಎರಡು ತಿಂಗಳ ಹಿಂದೆ ನಾನು ಕುಯ್ದುಕೊಂಡದ್ದು ಮಾತ್ರ ಇನ್ನೂ ಇಲ್ಲೇ, ಈ ಡಬ್ಬಿಯಲ್ಲಿ, ಕಾಯುತ್ತ ಇತ್ತು.

"ನನಗ ನಿಮ್ಮ ಮ್ಯಾಲ ಭಾಳ ಸಿಟ್ಟು ಬಂದೈತಿ" ಅಂದೆ. ಕಣ್ಣೀರು ತಾನಾಗಿ ಇಳಿಯುತ್ತಿತ್ತು.

"ಬರ್ಲಿ ರೀ."

"ಎರಡು ವರ್ಷ ಹಿಂಗ ನೋಡಿಕೋತ, ಒಂದು ಮಾತು ಹೇಳಬಾರದಿತ್ತೇನು? ನಾನೇನು ಗೊಂಬಿಯೇನು? ನಿಮ್ಮ ಸಲುವಾಗಿ ಚಟ್ನಿಗೆ ಖಾರ ಹಾಕಿ ಹಾಕಿ ಸಾಕಾಗಿತ್ತು ನನಗ!"

ಅವನು ಬಾಯಿ ಬಿಟ್ಟುಕೊಂಡು ನಿಂತ. "ಬೇಕಂತಲೇ ಹಾಕ್ತಿದ್ರಾ?"

"ಮತ್ತೇನು? ನೀವು ಅವಾಗಷ್ಟೇ ನನ್ನ ಕಡೆ ನೋಡ್ತಿದ್ರಿ."

ವನಜಮ್ಮ ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ. "ಈ ಸಲನೂ ಚಾ ಬೇಡ್ವಾ?"

ಬೇಕು ಅಂದೆ. ಕುಡಿದೆ. ಗಣೇಶನ ಪೆನ್ನು ಇಸಿದುಕೊಂಡು, ಗ್ರೀಸಿನ ಮೇಜಿನ ಮೇಲೆಯೇ ಫಾರ್ಮ್ ಇಟ್ಟು ಸಹಿ ಹಾಕಿದೆ. ಒಂದು ಮೂಲೆಗೆ ಮಸಿಯಾಯಿತು. ಆಗಲಿ ಬಿಡಿ.

ಸಂಜೆ ಭಾವನವರಿಗೆ ರೇಸಿನದು, ಗಣೇಶನದು ಎರಡೂ ಸುದ್ದಿ ಒಟ್ಟಿಗೆ ಹೇಳಿದೆ. ಅವರು ಒಂದು ಬೈದರು, ನಾನು ಹತ್ತು ಬೈದೆ. ಅದು ಇನ್ನೂ ಮುಗಿದಿಲ್ಲ.

ಮರುದಿನ ಭಾನುವಾರ. ಈಗ ನಾನೂ ನೆತ್ತಿಯಲ್ಲಿ. ಸೈಕಲ್ಲಿಗೆ ಹೊಸ ಬ್ರೇಕ್ ಪ್ಯಾಡ್, ಸ್ಪಿರಿಟ್ ಹಾಕಿ ಒರೆಸಿದ ಡಿಸ್ಕು. ಮುಂದಿನ ಬ್ರೇಕ್ ನನ್ನ ಪಾಲು, ಹಿಂದಿನದು ಅವನ ಪಾಲು. ಅವನು ಕಲಿಸಿದ ಹಾಗೆ ಹಿಡಿದು ಸೈಕಲ್ಲನ್ನು ಮುಂದಕ್ಕೆ ದೂಡಿದೆ. ಚಕ್ರ ಕದಲಲಿಲ್ಲ. ಇನ್ನೊಮ್ಮೆ ದೂಡಿದೆ. ಮತ್ತೊಮ್ಮೆ. ಅವನ ಕೈ ಪಕ್ಕದಲ್ಲೇ ಇತ್ತು, ಗ್ರೀಸು ಹತ್ತಿದ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

"ನಿಮ್ಮಿಬ್ಬರದು ಮುಗೀತಾ?" ಶರಣ್ಯ ಹೆಲ್ಮೆಟ್ಟಿನೊಳಗಿಂದ ಕೇಳಿದಳು. "ನಾನು ಇಳೀಲಾ?"

ನನ್ನ ಎದೆ ಮೊದಲಿನ ಹಾಗೇ ಝಲ್ ಅಂದಿತು. ಟವೆಲ್ ನಾನೇ ಬೀಸಿದೆ. ಅವಳು ಹೋದಳು. ಮೊದಲ ತಿರುವಿನಲ್ಲಿ ಬ್ರೇಕಿನ ಸದ್ದು ಕೇಳಿಸುವವರೆಗೆ ನಾನು ಉಸಿರು ಬಿಡಲಿಲ್ಲ. ಕೇಳಿಸಿತು. ಎರಡನೆಯದರಲ್ಲಿ, ಮೂರನೆಯದರಲ್ಲಿ. ಕೆಳಗೆ ಬಂಡೆಯ ಹತ್ತಿರ ಅವಳು ಸೈಕಲ್ ನಿಲ್ಲಿಸಿ ಎರಡೂ ಕೈ ಮೇಲೆತ್ತಿದಳು.

"ಈ ಸಲ ಎಲ್ಲಿ ನೋಡ್ತಿದ್ರಿ ನೀವು?" ಅಂತ ಗಣೇಶನನ್ನು ಕೇಳಿದೆ.

"ಅವಳನ್ನೇ ರೀ. ದೇವ್ರಾಣೆ."

"ಅಕಿ ಕೆಳಗ ಮುಟ್ಟಿದ್ಲಲ್ಲ."

"ಹ್ಞೂಂ."

"ಹಂಗಾದ್ರ ಈಗ ಈ ಕಡೆ ನೋಡ್ರಿ" ಅಂದೆ.