ನಾಲ್ಕನೆಯ ಕೊಕ್ಕೆ

ಊಟ ಮುಗಿಸಿ ಬಂದ ಯಜಮಾನ ಬಣ್ಣದ ಪುಡಿ ಹೊಡೆಯುವ ಬೂತಿನೊಳಗೆ ಇಣುಕಿದ. ಕೊಕ್ಕೆಗಳು ನಾಲ್ಕು. ತೂಗುತ್ತಿದ್ದ ಕಾರಿನ ವೀಲುಗಳು ಮೂರು.

ಮತ್ತೊಮ್ಮೆ ಎಣಿಸಿದ. ಮೂರೇ. ಕಣ್ಣುಜ್ಜಿಕೊಂಡು ಈ ಸಲ ಬಲಗಡೆಯಿಂದ ಎಣಿಸಿದ. ಬಲಗಡೆಯಿಂದಲೂ ಮೂರೇ!

"ಏಯ್, ಬಾರೋ ಇಲ್ಲಿ! ನಾಲ್ಕನೇದು ಎಲ್ಲೋ?"

ಕೈ ಒರೆಸಿಕೊಳ್ಳುತ್ತ ಬಂದ ಮೌನಿ ಬೂತಿನ ಬಾಗಿಲಲ್ಲೇ ನಿಂತುಬಿಟ್ಟ. ಲೋಹಕ್ಕೆ ಪುಡಿ ಬಣ್ಣ ಹೊಡೆದು ಬೇಯಿಸುವ ಆ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಪುಡಿಯ ಗನ್ ಹಿಡಿಯುವವನು ಅವನೊಬ್ಬನೇ. ದಿನಕ್ಕೊಂದೆರಡು ಮಾತು ಆಡಿದರೆ ಹೆಚ್ಚು, ಅದಕ್ಕೇ ಆ ಹೆಸರು. ಖಾಲಿ ಕೊಕ್ಕೆಯನ್ನು ನೋಡಿದ. ಗೋಡೆಗೆ ತೂಗುಹಾಕಿದ್ದ ಗನ್ನನ್ನು ನೋಡಿದ. ಅದನ್ನೇ ನೋಡುತ್ತ ನಿಂತ.

ವೀಲುಗಳು ಒಬ್ಬ ಫೋಟೋಗ್ರಾಫರನವು. ಅವನ ಹಳೇ ಕಾರಿನ ಮಾಡೆಲ್ ಬರುವುದು ನಿಂತು ಎಷ್ಟೋ ಕಾಲವಾಗಿದೆ. ಒಂದು ಕಳೆದರೆ ಅದರ ಜೋಡಿ ಎಲ್ಲೂ ಸಿಗುವುದಿಲ್ಲ. ಮೊದಲು ಬೆಳ್ಳಿ ಬಣ್ಣದ್ದಾಗಿದ್ದ ಆ ವೀಲುಗಳಿಗೆ ಯಾವ ಬಣ್ಣ ಅಂತ ಆತ ವಾರಗಟ್ಟಲೆ ಒದ್ದಾಡಿ, ಕಡೆಗೆ ಹಳೇ ತಾಮ್ರದ ಬಣ್ಣ ಅಂದಿದ್ದ. ತಾಮ್ರವನ್ನು ಬೆಳಗ್ಗೆಯೇ ಹಚ್ಚಿ, ಓವನ್ನಿನಲ್ಲಿ ಬೇಯಿಸಿ, ಆರಿಸಿಯೂ ಆಗಿತ್ತು. ಊಟಕ್ಕೆ ಮುಂಚೆ ಅದರ ಮೇಲೆ ಹೊಳಪಿನ ಪುಡಿ ಹೊಡೆದು ಕೊಕ್ಕೆಗೆ ಬಿಟ್ಟಿದ್ದರು. ಬೇಯುವ ತನಕ ಆ ಪುಡಿ ಬರೀ ಬಿಳಿ ಹಿಟ್ಟು. ಬೆಂದ ಮೇಲೆ ಗಾಜಿನ ಹಾಗೆ ತಿಳಿಯಾಗಿ ಕೆಳಗಿನ ಬಣ್ಣ ಕಾಣುತ್ತದೆ. ಆದರೆ ಬೇಯುವ ಮೊದಲು ಬೆರಳು ತಾಗಿದರೂ ಉದುರಿಹೋಗುತ್ತದೆ.

ಯಜಮಾನನ ತಲೆ ಕೆಟ್ಟದ್ದು ಅದಕ್ಕೇ. ಹಿಟ್ಟು ಮೆತ್ತಿದ ವೀಲನ್ನು ಎತ್ತಿಕೊಂಡು ಹೋದವನು ದಾರಿಯುದ್ದಕ್ಕೂ ರಂಗೋಲಿ ಹಾಕಿಕೊಂಡೇ ಹೋಗಬೇಕು. ಬೂತಿನಾಚೆಯ ಕರಿ ನೆಲದ ಮೇಲೆ ಒಂದು ಕಣ ಬಿಳುಪಿಲ್ಲ! ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದು ಹಾಕಿದಂತೆಯೇ ಇದೆ. ಮುಂದಿನ ಕೋಣೆಯಲ್ಲಿ ಹೆಂಡತಿ ಕೂತಿದ್ದಳು. ಹಾಗಾದರೆ ವೀಲು ರೆಕ್ಕೆ ಕಟ್ಟಿಕೊಂಡು ಹಾರಿತೇ?

"ಮಾವ, ನೀವೇನಾದ್ರೂ ನೋಡಿದ್ರಾ?"

ಮೂಲೆಯಲ್ಲಿ ಹೆಂಡತಿಯ ಅಪ್ಪ ಕೂತಿದ್ದರು. ಶೆಡ್ಡು ಅವರು ಕಟ್ಟಿದ್ದು, ಮೌನಿಗೆ ಅವರೇ ಮೇಸ್ತ್ರಿ. ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟು, ಹಳೇ ಲಾರಿ ಟೈರೊಂದರ ಮೇಲೆ ಹಲಗೆ, ಹಲಗೆಯ ಮೇಲೆ ಗೋಣಿಚೀಲ ಹಾಸಿಕೊಂಡು ದಿನವೆಲ್ಲ ಅಲ್ಲೇ ಕೂರುತ್ತಿದ್ದರು. ಊಟವೂ ಬೇಗ, ಅಲ್ಲೇ.

"ಕಣ್ಣು ಹತ್ತಿಬಿಟ್ಟಿತ್ತಪ್ಪ," ಅಂದರು ಮಾವ, ಕನ್ನಡಕದ ಗಾಜನ್ನು ಪಂಚೆಯ ಅಂಚಿಗೆ ಉಜ್ಜುತ್ತ.

ಯಜಮಾನ ಓವನ್ನಿನೊಳಗೆ ತಲೆ ತೂರಿಸಿದ. ಪುಡಿಯ ಡಬ್ಬಗಳ ಸಂದಿ ಹುಡುಕಿದ. ಬಚ್ಚಲನ್ನೂ ಬಿಡಲಿಲ್ಲ. ಕಡೆಗೆ ಏನು ಹುಡುಕುತ್ತಿದ್ದೇನೆ ಎನ್ನುವುದೇ ಮರೆತು, ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ನೋಡಿದ.

"ರೀ, ಡಬ್ಬಿಯೊಳಗೆ ವೀಲು ಹಿಡಿಸುತ್ತೇನ್ರೀ?" ಅಂದಳು ಹೆಂಡತಿ.

"ಸುಮ್ನಿರೇ! ಊಟದ ಹೊತ್ತಲ್ಲಿ ಮುಂದಿನ ಕೋಣೆಗೆ ಯಾರಾದ್ರೂ ಬಂದಿದ್ರಾ?"

"ಫೋಟೋಗ್ರಾಫರ್ ಬೇಗ ಬಂದ್ಬಿಟ್ಟಿದ್ರು. ಬಣ್ಣ ಸರಿಹೋಗುತ್ತೋ ಇಲ್ವೋ ಅಂತ ನನ್ನ ತಲೆ ತಿಂತಿದ್ರು. ಕಂಪ್ರೆಸರ್ ಬೇರೆ ಒದರ್ತಿತ್ತು, ಅರ್ಧ ಮಾತು ಕೇಳಿಸ್ಲೇ ಇಲ್ಲ."

ಫೋಟೋಗ್ರಾಫರ್! ಬಣ್ಣ ಬೇಡವೆನಿಸಿ ತನ್ನ ವೀಲನ್ನು ತಾನೇ ಕದ್ದನೇ? ಕದ್ದರೆ ಒಂದನ್ನೇ ಏಕೆ? ಯಜಮಾನ ಅವನನ್ನು ಒಳಗೆ ಕರೆದು ಅವನ ಕರಿ ಅಂಗಿಯನ್ನು ಮುಂದೆ ಹಿಂದೆ ತಿರುಗಿಸಿ ನೋಡಿದ. ಪುಡಿಯ ಸುಳಿವಿಲ್ಲ. ಹೆಂಡತಿಯ ಜಡೆ ನೋಡಿದ. ಬೈಸಿಕೊಂಡ. ತನ್ನ ಮೀಸೆಯನ್ನೂ ಕನ್ನಡಿಯಲ್ಲಿ ನೋಡಿಕೊಂಡ. ಪುಡಿ ಇದ್ದದ್ದು ಒಬ್ಬನ ಮೈಮೇಲೆ, ತೋಳಿನಿಂದ ಹುಬ್ಬಿನ ತನಕ.

ಮೌನಿ.

"ಪಕ್ಕದ ಬೀದಿಯ ಶೆಡ್ಡಿನವರು ನಿನ್ನ ಕೆಲಸಕ್ಕೆ ಕರೀತಿದ್ದಾರಂತೆ, ಹೌದಾ?"

ಮೌನಿ ತಲೆಯಾಡಿಸಿದ.

"ಹೋಗೋ ಮುಂಚೆ ನನ್ನ ಹೆಸರು ಕೆಡಿಸಿ ಹೋಗೋಣ ಅಂತಾನಾ? ಊಟಕ್ಕೆ ಎಲ್ಲಿಗೆ ಹೋಗಿದ್ದೆ?"

"ಹೊರಗಡೆ."

"ಯಾರ ಜೊತೆ?"

"ಒಬ್ನೇ."

"ನೋಡು, ಸಂಜೆಯೊಳಗೆ ವೀಲು ಆ ಕೊಕ್ಕೆಗೆ ಬರಬೇಕು. ಬರಲಿಲ್ವೋ, ನಾಳೆಯಿಂದ ನೀನು ಈ ಕಡೆ ತಲೆ ಹಾಕಬೇಡ. ಪಕ್ಕದ ಬೀದಿಗೂ ಹೇಳ್ತೀನಿ, ಎಲ್ಲಾ ಬೀದಿಗೂ ಹೇಳ್ತೀನಿ!"

ಮೌನಿಯ ಮುಖ ಸುಣ್ಣವಾಯಿತು. ಆದರೂ ಅವನು ಅಲ್ಲ ಅನ್ನಲಿಲ್ಲ. ತಪ್ಪಿಲ್ಲದವನು ಹೀಗೆ ಸುಮ್ಮನಿರುತ್ತಾನೆಯೇ? ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದವನನ್ನು ಕಳ್ಳ ಅಂದದ್ದು ಯಜಮಾನನಿಗೂ ಹಿಡಿಸಲಿಲ್ಲ. ಏನೂ ತೋಚದೆ ಅಕ್ಕನಿಗೆ ಫೋನು ಮಾಡಿದ.

ಅಕ್ಕನನ್ನು ಬೀದಿಯವರೆಲ್ಲ ಕರೆಯುವುದು ಹಲ್ಲಕ್ಕ ಅಂತ. ಎರಡು ಕಟ್ಟಡದಾಚೆ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಹಲ್ಲಿಗೆ ಕೂರಿಸುವ ಲೋಹದ ಟೋಪಿಗೆ ಪಿಂಗಾಣಿ ಪುಡಿ ಹಚ್ಚಿ ಪುಟ್ಟ ಒಲೆಯಲ್ಲಿ ಬೇಯಿಸುವವಳಿಗೆ ತಮ್ಮನ ಕಸುಬು ದೊಡ್ಡ ಹಲ್ಲಿನ ಕೆಲಸವಾಗಿಯೇ ಕಾಣುತ್ತಿತ್ತು. ಬಂದವಳು ನಡೆದದ್ದನ್ನೆಲ್ಲ ಕೇಳಿಸಿಕೊಂಡು ನೆಲ ನೋಡಿದಳು, ಅಗುಳಿ ನೋಡಿದಳು, ಬೂತಿನ ಹೊಸ್ತಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದಳು. ಅಷ್ಟರಲ್ಲಿ ಟೀ ಬಂತು. ದಿನಾ ಬಾಗಿಲ ತನಕ ಹೋಗಿ ತಮ್ಮ ಲೋಟ ತಾವೇ ಆರಿಸಿಕೊಳ್ಳುವ ಮಾವ, "ಇಲ್ಲಿಗೇ ಕೊಡಮ್ಮ," ಅಂದರು. ಮಗಳು ಒಯ್ದು ಕೊಟ್ಟಳು.

ಹಲ್ಲಕ್ಕ ಟೀ ಗುಟುಕರಿಸುತ್ತ ಕೇಳಿದಳು, "ಏನೋ, ಊಟದ ಹೊತ್ತಲ್ಲಿ ಇಲ್ಲಿ ಕೆಲಸ ನಡೀತಿತ್ತಾ?"

"ಇಲ್ಲ ಅಕ್ಕ. ಎಲ್ಲಾ ಬಂದ್."

"ಗಾಳಿ ಯಾರೂ ಬಳಸ್ತಿರಲಿಲ್ವಾ?"

"ಯಾರು ಬಳಸ್ತಾರೆ? ಶೆಡ್ಡಲ್ಲಿ ಯಾರೂ ಇರ್ಲಿಲ್ಲ."

"ಮತ್ತೆ ಕಂಪ್ರೆಸರ್ ಯಾಕೆ ಒದರಿತು?"

ಯಜಮಾನ ಕಂಪ್ರೆಸರಿನತ್ತ ತಿರುಗಿದ. ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದರೆ ಮಾತ್ರ ಅದು ತಾನಾಗಿ ಶುರುವಾಗುತ್ತದೆ. ದಿನವಿಡೀ ಕೇಳುವ ಸದ್ದು. ಹೆಂಡತಿ ಹೇಳಿದ್ದು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

"ಪುಡಿ ಕೂತ ರೀತಿ ಸರಿಯಾಗದಿದ್ರೆ ಏನು ಮಾಡ್ತೀರಿ?"

"ಗಾಳಿ ಪೈಪ್ ಹಿಡಿದು ಪೂರ್ತಿ ಊದಿಬಿಡ್ತೀವಿ. ಬೂತಿನ ಫ್ಯಾನ್ ಪುಡೀನೆಲ್ಲ ಎಳ್ಕೊಳ್ಳುತ್ತೆ. ಆಮೇಲೆ ಹೊಸದಾಗಿ…" ಅವನು ಅರ್ಧಕ್ಕೇ ನಿಂತ.

"ಹೇಳು."

"ಊದಿದ ಮೇಲೆ ವೀಲಿಗೆ ಪುಡೀನೇ ಇರಲ್ಲ. ನೆಲಕ್ಕೆ ಏನೂ ಉದುರಲ್ಲ… ಅಕ್ಕಾ, ಹಾಗಾದ್ರೆ ಇವನೇ! ಗಾಳಿ ಹಿಡಿಯೋದು ಗೊತ್ತಿರೋನು ಇವನೊಬ್ನೇ!"

"ಒಬ್ನೇನಾ?" ಹಲ್ಲಕ್ಕ ಲೋಟ ಕೆಳಗಿಟ್ಟಳು. "ಇವನ ಮೈಮೇಲೆ ಪುಡಿ ಇಲ್ಲದ ದಿನ ಯಾವುದಪ್ಪಾ? ನೀನು ಪುಡಿ ಹುಡುಕಿದ್ದು ಕರಿ ಅಂಗಿ ಮೇಲೆ, ಕರಿ ಜಡೆ ಮೇಲೆ, ಬಣ್ಣ ಹಚ್ಚಿದ ನಿನ್ನ ಮೀಸೆ ಮೇಲೆ. ಬಿಳಿ ಪುಡಿ ಬಿಳಿ ತಲೆ ಮೇಲೆ ಬಿದ್ರೆ ನಿನಗೆ ಕಾಣುತ್ತಾ?"

ಯಜಮಾನನಿಗೆ ಇನ್ನೂ ದಾರಿ ತಿಳಿಯದು. ಬಿಳಿ ತಲೆ? ಯಾರದು ಬಿಳಿ ತಲೆ?

"ವೀಲು ಹೊರಗೆ ಹೋಗಿಲ್ಲ ಕಣೋ. ಹಿಂದೆ ಅಗುಳಿ, ಮುಂದೆ ನಿನ್ನ ಹೆಂಡತಿ. ಬಚ್ಚಲು ಹುಡುಕಿದೆ, ಊಟದ ಡಬ್ಬಿ ಹುಡುಕಿದೆ. ಈ ಶೆಡ್ಡಲ್ಲಿ ಒಂದೇ ಒಂದು ಜಾಗ ಬಿಟ್ಟೆ. ಯಾಕೆ ಬಿಟ್ಟೆ ಅಂದ್ರೆ, ಅಲ್ಲಿ ನೋಡಬೇಕಾದ್ರೆ ಹಿರಿಯರೊಬ್ಬರನ್ನ ಎದ್ದೇಳಿ ಅನ್ನಬೇಕು. ಅಳಿಯ ಆದೋನ ಬಾಯಲ್ಲಿ ಆ ಮಾತು ಬರಲ್ಲ."

ಮಾವನ ಕೈಯಲ್ಲಿದ್ದ ಲೋಟ ನಡುಗಿ ಟೀ ಪಂಚೆಯ ಮೇಲೆ ಚೆಲ್ಲಿತು.

"ಬೀಗರೇ, ಕನ್ನಡಕದ ಗಾಜು ಚೆನ್ನಾಗಿ ಒರೆಸಿದ್ದೀರಿ. ಕಿವಿ ಮೇಲಿನ ಕರಿ ಕಡ್ಡಿಯ ಪುಡಿ ಒರೆಸೋದು ಮರೆತುಬಿಟ್ರಿ," ಅಂದಳು ಹಲ್ಲಕ್ಕ ಮೆಲ್ಲಗೆ. "ಮತ್ತೆ ಇವತ್ತು ಟೀಗೂ ಏಳಲಿಲ್ಲ."

"ಅಪ್ಪಾ?" ಅಂದಳು ಮಗಳು.

ಮಾವ ತಲೆ ತಗ್ಗಿಸಿದರು. "ವೀಲಿನ ಒಂದು ಕಡ್ಡಿ ಹಿಂದೆ ಪುಡಿ ತೆಳು ಇತ್ತಮ್ಮ. ಬೆಂದ ಮೇಲೆ ಎದ್ದು ಕಾಣೋದು. ಒಂಚೂರು ಹೊಡೆದುಬಿಡೋಣ ಅಂತ ಗನ್ ತಗೊಂಡೆ. ಈ ಹಾಳು ಕೈ… ಗನ್ನಿನ ಮೂತಿ ತಗುಲಿ ಅಷ್ಟೂ ಕೆರೆದುಹೋಯ್ತು. ಗನ್ ಸುತ್ತಿ ಗೋಡೆಗೆ ಹಾಕಿ, ಗಾಳಿಯಲ್ಲಿ ಪೂರ್ತಿ ಊದಿದೆ, ಹಿಂದೆಲ್ಲ ಹೋಯ್ತಾ ನೋಡಿ ಹೊಸದಾಗಿ ಹೊಡೆಯೋಣ ಅಂತ ವೀಲನ್ನ ಇಳಿಸಿದೆ. ಅಷ್ಟರಲ್ಲಿ ನಿಮ್ಮ ಹೆಜ್ಜೆ ಸದ್ದು ಕೇಳಿಸ್ತು. ಗಾಬರಿಗೆ ಹಲಗೆ ಸರಿಸಿ ಟೈರೊಳಗೆ ಇಟ್ಟೆ. ಯಾರೂ ಇಲ್ಲದಾಗ ತೆಗೆಯೋಣ ಅಂದ್ಕೊಂಡ್ರೆ, ಯಾರಾದ್ರೂ ಅತ್ತ ಹೋದ್ರೆ ತಾನೆ?"

"ಇವನನ್ನ ಕಳ್ಳ ಅಂದಾಗ್ಲಾದ್ರೂ ಹೇಳಬಾರದಿತ್ತಾ ಅಪ್ಪಾ?"

"ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹೋದ ವರ್ಷ ಗಿರಾಕಿಗಳ ಮುಂದೆ 'ಮಾವ, ನೀವು ಕೂತಿರಿ ಸಾಕು' ಅಂದಿದ್ರಲ್ಲ ಇವರು. ಇನ್ನೊಂದ್ಸಲ ಅದನ್ನ ಕೇಳೋ ಧೈರ್ಯ ಆಗಲಿಲ್ಲ. ನಾಚಿಕೆ ಆಗುತ್ತೆ."

ಯಜಮಾನನಿಗೆ ಆ ಮಾತು ಆಡಿದ್ದು ನೆನಪೇ ಇರಲಿಲ್ಲ. ಈಗ ನೆನಪಾಯಿತು. ಎಲ್ಲಿ ನೋಡಬೇಕೋ ತಿಳಿಯದೆ ಮೌನಿಯತ್ತ ತಿರುಗಿದ. "ನಿನಗಾದ್ರೂ ಹೇಳೋಕೇನಾಗಿತ್ತೋ? ನಿನಗೆ ಗೊತ್ತಿತ್ತಾ?"

ಮೌನಿ ಗೋಡೆಯ ಗನ್ನನ್ನು ತೋರಿಸಿದ. ಅದರ ವಯರು ಎಡಕ್ಕೆ ಸುತ್ತಿ, ತುದಿಯಲ್ಲಿ ಒಂದು ಸಣ್ಣ ಗಂಟು ಹಾಕಿತ್ತು. "ಹಾಗೆ ಸುತ್ತೋರು ಮೇಸ್ತ್ರಿ ಒಬ್ರೇ. ಬಂದ ತಕ್ಷಣ ಗೊತ್ತಾಯ್ತು." ಮೂಲೆಯತ್ತ ನೋಡಿ ಮತ್ತೆ ಅಂದ, "ನನಗೆ ಗನ್ ಹಿಡಿಸಿದೋರು ಅವರು. ಅವರನ್ನ ಎದ್ದೇಳಿ ಅಂತ ನಾನು ಹೆಂಗನ್ಲಿ, ಯಜಮಾನ್ರೇ?"

ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಆ ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ. ಯಜಮಾನ ಅವನ ಭುಜ ಹಿಡಿದು, "ತಪ್ಪಾಯ್ತು ಕಣೋ," ಅಂದ. ಮೌನಿ ಎಂದಿನಂತೆ ತಲೆಯಾಡಿಸಿದ.

"ನನ್ನ ವೀಲು…" ಅಂದ ಫೋಟೋಗ್ರಾಫರ್.

"ತಾಮ್ರಕ್ಕೇನೂ ಆಗಿಲ್ಲ ಬಿಡಿ, ಮೇಲಿನ ಪುಡಿ ಮಾತ್ರ ಹೋಗಿದೆ. ಸಂಜೆಗೆ ನಾಲ್ಕೂ ಸಿಗುತ್ತವೆ," ಅಂದಳು ಹಲ್ಲಕ್ಕ. ಆಮೇಲೆ ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು. "ಇನ್ನೇನು ನೋಡ್ತಾ ನಿಂತೆ? ಕೂರಿಸಿದೋನು ನೀನು."

ಯಜಮಾನ ಮೂಲೆಗೆ ಹೋದ. ಮಾವನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟ. ನಡುಗುತ್ತಿದ್ದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ಏಳಿ ಮಾವ," ಅಂದ. "ಎಲ್ಲಿ ತೆಳು ಇತ್ತು, ತೋರಿಸಿ. ನಾವು ಹೊಡೀತೀವಿ, ನೀವು ಹೇಳಿ."